ತಂಗಿಗೆ ಬಲೂನ್, ತಾಯಿಗೆ ಹೊಸ ವಾಲ್ವ್: ಒಂದೇ ಮನೆಗೆ ಎರಡು ಸಲಹೆ ಏಕೆ?

ಪ್ರಶ್ನೆ: ನಾನು ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಶಿಕ್ಷಕ. ನನ್ನ ತಾಯಿಗೆ 76 ವರ್ಷ. ಸಕ್ಕರೆ ಕಾಯಿಲೆ ಇದೆ, ಕೋಲು ಹಿಡಿದು ನಡೆಯುತ್ತಾರೆ. ಎರಡು ತಿಂಗಳ ಹಿಂದೆ ಗದಗದ ವೀರನಾರಾಯಣ ಗುಡಿಯಲ್ಲಿ ಪ್ರದಕ್ಷಿಣೆ ಹಾಕುವಾಗ ಕಣ್ಣು ಕತ್ತಲೆಗಟ್ಟಿ ಬಿದ್ದರು. ಹುಬ್ಬಳ್ಳಿಯಲ್ಲಿ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದಾಗ, ಹೃದಯದಿಂದ ಮೈಗೆ ರಕ್ತ ಹೊರಡುವ ಬಾಗಿಲಾದ ಅಯೋರ್ಟಿಕ್ ವಾಲ್ವ್ 0.7 ಚದರ ಸೆಂಟಿಮೀಟರಿಗೆ ಕಿರಿದಾಗಿದೆ ಎಂದರು. ಮೂತ್ರಪಿಂಡದ ಕೆಲಸ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ 1.6 ಇದೆ. ಎದೆ ಕೊಯ್ಯದೆ ತೊಡೆಯ ರಕ್ತನಾಳದ ಮೂಲಕ ಹೊಸ ವಾಲ್ವ್ ಕೂರಿಸುವುದು ಒಳ್ಳೆಯದು ಎಂಬುದು ಅವರ ಸಲಹೆ. ರಾಣೆಬೆನ್ನೂರಿಗೆ ಕೊಟ್ಟಿರುವ ನನ್ನ ತಂಗಿಗೆ 34 ವರ್ಷ. ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತದೆ. ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನ ಅವಳ ಮೈಟ್ರಲ್ ವಾಲ್ವ್ 0.9ಕ್ಕೆ ಇಳಿದಿದೆ, ಸೋರಿಕೆ ಅಲ್ಪ. ಅವಳಿಗೆ ಬಲೂನ್ ಸಾಕು ಎಂದಿದ್ದಾರೆ. ಬಲೂನಿನ ಖರ್ಚು ತಾಯಿಯ ವಾಲ್ವಿನ ಖರ್ಚಿನ ಮುಂದೆ ಏನೂ ಅಲ್ಲ. ಹಾಗಿದ್ದರೆ ತಾಯಿಗೂ ಬಲೂನನ್ನೇ ಹಾಕಿಸಬಾರದೆ? ಅಥವಾ ಹೊಸ ವಾಲ್ವೇ ಉತ್ತಮವಾದರೆ ಚಿಕ್ಕ ವಯಸ್ಸಿನ ತಂಗಿಗೆ ಅದನ್ನೇಕೆ ಹಾಕುವುದಿಲ್ಲ? ಅವಳಿಗೆ ಇನ್ನೊಂದು ಮಗುವಿನ ಆಸೆಯೂ ಇದೆ. ಈ ಕಾಯಿಲೆ ನಮ್ಮ ವಂಶದಲ್ಲಿಯೇ ಇದೆಯೆ? ಕ್ಲಿಪ್ ಎಂಬ ಹೊಸ ಚಿಕಿತ್ಸೆ ಬಂದಿದೆ ಎಂದು ಮೊಬೈಲಿನಲ್ಲಿ ನೋಡಿದೆ. ಅದು ಆಗುತ್ತದೆಯೆ?

ಉತ್ತರ: ಮಾಸ್ತರರೇ, ಪತ್ರದ ಜೊತೆ ಎರಡೂ ಎಕೋ ವರದಿಗಳ ಪ್ರತಿ ಇಟ್ಟಿದ್ದು ಒಳ್ಳೆಯದಾಯಿತು. ಎರಡನ್ನೂ ಓದಿದ್ದೇನೆ. ತಾಯಿಗೂ ಮಗಳಿಗೂ ವಾಲ್ವ್ ಕಿರಿದಾಗಿದೆ ಎಂಬುದನ್ನು ಬಿಟ್ಟರೆ ಈ ಎರಡು ಕಾಯಿಲೆಗಳಿಗೆ ಯಾವ ನಂಟೂ ಇಲ್ಲ. ವಂಶದ ಚಿಂತೆಯನ್ನು ಮೊದಲು ಬಿಡಿ. ಒಬ್ಬರದು ವಯಸ್ಸು ತಂದದ್ದು, ಇನ್ನೊಬ್ಬರದು ಬಾಲ್ಯದ ಗಂಟಲು ನೋವು ತಂದದ್ದು. ಎರಡು ಸಲಹೆ ಬಂದದ್ದೂ ಇದೇ ಕಾರಣಕ್ಕೆ.

ತಂಗಿಯದನ್ನು ಮೊದಲು ಹೇಳುತ್ತೇನೆ, ಅದು ಸುಲಭ. ಐದರಿಂದ ಹದಿನೈದು ವರ್ಷದೊಳಗೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬಂದು, ಕೆಲವು ಮಕ್ಕಳಲ್ಲಿ ಎರಡು ಮೂರು ವಾರದ ನಂತರ ಜ್ವರ ಬರುತ್ತದೆ, ಕೀಲುಗಳು ಊದುತ್ತವೆ. ಸಂಧಿವಾತ ಜ್ವರ ಎನ್ನುವುದು ಇದನ್ನೇ. ಇಂದು ಮೊಣಕಾಲು, ನಾಳೆ ಹರಡು. ಮನೆಯವರು ಎಣ್ಣೆ ತಿಕ್ಕುತ್ತಾರೆ, ಊತ ಇಳಿಯುತ್ತದೆ, ಎಲ್ಲರೂ ಮರೆಯುತ್ತಾರೆ. ಹೃದಯ ಮರೆಯುವುದಿಲ್ಲ. ಬ್ಯಾಕ್ಟೀರಿಯಾದ ವಿರುದ್ಧ ಎದ್ದ ದೇಹದ ಸಿಟ್ಟು ತನ್ನದೇ ವಾಲ್ವಿನ ಮೇಲೆ ತಿರುಗಿ, ಮೈಟ್ರಲ್ ವಾಲ್ವಿನ ಎರಡು ಎಸಳುಗಳ ಅಂಚುಗಳು ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಅಂಟಿಕೊಳ್ಳುತ್ತ ಹೋಗುತ್ತವೆ. ನಾಲ್ಕರಿಂದ ಆರು ಚದರ ಸೆಂಟಿಮೀಟರ್ ಇರಬೇಕಾದ ಬಾಯಿ ಒಂದಕ್ಕಿಂತ ಕೆಳಗೆ ಬರುತ್ತದೆ.

ನಿಮ್ಮ ತಂಗಿಯ ಊರಿಗೆ ಹತ್ತಿರದ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲದ ಬಾಯಿಯನ್ನು ಸುತಳಿಯಿಂದ ಹೊಲಿಯುವುದನ್ನು ನೋಡಿರುತ್ತೀರಿ. ಎರಡೂ ತುದಿಯಿಂದ ಹೊಲಿಯುತ್ತ ಬಂದು ನಡುವೆ ಒಂದು ಬೆರಳು ತೂರುವಷ್ಟು ಬಿಟ್ಟರೆ ಹೇಗೋ, ಅವಳ ವಾಲ್ವ್ ಹಾಗಿದೆ. ಚೀಲದ ಬಟ್ಟೆ ಇನ್ನೂ ಗಟ್ಟಿಯಿದೆ, ಹೊಲಿಗೆ ಬಿಚ್ಚಿದರೆ ಆಯಿತು. ಬಲೂನ್ ಮಾಡುವುದು ಇಷ್ಟನ್ನೇ. ಬಲ ತೊಡೆಸಂದಿಯ ಅಭಿಧಮನಿಯಿಂದ ನಳಿಕೆ ಏರಿಸಿ, ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಸೂಜಿಯಿಂದ ದಾರಿ ಮಾಡಿ, ಬಲೂನನ್ನು ವಾಲ್ವಿನ ಬಾಯಿಗೆ ಒಯ್ದು ಕೆಲವೇ ಸೆಕೆಂಡ್ ಉಬ್ಬಿಸುತ್ತೇವೆ. ಎಷ್ಟು ಉಬ್ಬಿಸಬೇಕು ಎಂಬುದಕ್ಕೆ ನಮ್ಮ ಲೆಕ್ಕ ಬಹಳ ಸರಳ: ಎತ್ತರವನ್ನು ಸೆಂಟಿಮೀಟರಿನಲ್ಲಿ ಹತ್ತರಿಂದ ಭಾಗಿಸಿ ಹತ್ತು ಕೂಡಿಸುವುದು. 160 ಸೆಂಟಿಮೀಟರ್ ಎತ್ತರದವರಿಗೆ 26 ಮಿಲಿಮೀಟರ್ ಬಲೂನ್. ಹೊಲಿಗೆ ಬಿಚ್ಚಿದ ಕ್ಷಣದಲ್ಲಿಯೇ ಪರದೆಯ ಮೇಲೆ ಒತ್ತಡದ ಗೆರೆ ಇಳಿಯುತ್ತದೆ. ಇಷ್ಟು ವರ್ಷಗಳಲ್ಲಿ ಎಷ್ಟು ಸಲ ನೋಡಿದ್ದರೂ ಆ ಗೆರೆ ಇಳಿಯುವುದನ್ನು ಕಂಡಾಗ ನನಗೆ ಇಂದಿಗೂ ಖುಷಿಯಾಗುತ್ತದೆ.

ಈ ಕೆಲಸ ಹೊಸದಲ್ಲ. 1925ರಲ್ಲಿ ಲಂಡನ್ನಿನ ಹೆನ್ರಿ ಸೌಟರ್ ಎಂಬ ಶಸ್ತ್ರವೈದ್ಯರು ಬಡಿಯುತ್ತಿರುವ ಹೃದಯದೊಳಗೆ ಬೆರಳು ತೂರಿಸಿ ಇದೇ ವಾಲ್ವನ್ನು ಬಿಡಿಸಿದ್ದರು. ಎಡ ಎದೆಯ ಕೆಳಗೆ ಉದ್ದ ಗಾಯದ ಕಲೆ ಇರುವ ಮುದುಕಿಯರು ನಮ್ಮ ಹೊರರೋಗಿ ವಿಭಾಗಕ್ಕೆ ಬರುತ್ತಿದ್ದರು. ಅವರೆಲ್ಲ ಆ ಬೆರಳಿನ ಕಾಲದವರು. 1982ರಲ್ಲಿ ಜಪಾನಿನ ಕಾಂಜಿ ಇನೋವೆ ತಮ್ಮ ಬಲೂನಿನಿಂದ ಆ ಬೆರಳಿನ ಕೆಲಸ ಮಾಡಿ ತೋರಿಸಿದರು, ಎದೆ ತೆರೆಯುವುದು ತಪ್ಪಿತು. ಸಂಧಿವಾತ ಜ್ವರದಿಂದ ವಾಲ್ವ್ ಕೆಟ್ಟವರು ನಮ್ಮ ದೇಶದಲ್ಲಿ ಬಹಳ. ಆದ್ದರಿಂದ ಈ ಬಲೂನಿನಲ್ಲಿ ನಮ್ಮ ವೈದ್ಯರಿಗೆ ಪಳಗಿದ ಕೈ ಇದೆ. ಬೆಂಗಳೂರಿನ ಜಯದೇವ ಸಂಸ್ಥೆಯಂಥ ಕಡೆ ಇದು ದಿನನಿತ್ಯದ ಕೆಲಸ.

ಆದರೆ ಬಲೂನಿಗೆ ಮುಂಚೆ ಒಂದು ಪರೀಕ್ಷೆ ಆಗಲೇಬೇಕು. ಅನ್ನನಾಳದೊಳಗೆ ನಳಿಕೆ ಇಳಿಸಿ ಮಾಡುವ ಎಕೋ ಅದು. ಹೃದಯದ ಎಡ ಮೇಲುಕೋಣೆಯ ಮೂಲೆಯಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ನಳಿಕೆ ತಾಗಿ ಅದು ಮಿದುಳಿಗೆ ಹಾರಬಹುದು. ನೀವು ಕಳಿಸಿದ ವರದಿ ಎದೆಯ ಮೇಲಿನಿಂದ ಮಾಡಿದ್ದು. ಅದರಲ್ಲಿ ಆ ಮೂಲೆ ಸರಿಯಾಗಿ ಕಾಣುವುದಿಲ್ಲ. ಹೆಪ್ಪು ಇಲ್ಲ, ಎಸಳುಗಳು ಮೆತ್ತಗಿವೆ, ಸೋರಿಕೆ ಅಲ್ಪ ಎಂದಾದರೆ ಅವಳಿಗೆ ಬಲೂನಿಗಿಂತ ಒಳ್ಳೆಯದು ಸದ್ಯ ಇಲ್ಲ. ಅಪಾಯವೂ ಇದೆ, ಮುಚ್ಚಿಡುವುದಿಲ್ಲ: ಹೊಲಿಗೆಯ ಬದಲು ಬಟ್ಟೆಯೇ ಹರಿದರೆ ವಾಲ್ವ್ ವಿಪರೀತ ಸೋರಿ ತುರ್ತು ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ನೂರರಲ್ಲಿ ಕೆಲವರಿಗೆ ಮಾತ್ರ ಹೀಗಾಗುತ್ತದೆ. ಆದರೂ ಹೃದಯ ಶಸ್ತ್ರಚಿಕಿತ್ಸಕರು ಇರುವ ಕಡೆಯೇ ಮಾಡಿಸಿ.

ತಾಯಿಗೆ ಹಾಕುವಂಥ ವಾಲ್ವನ್ನು ಅವಳಿಗೇಕೆ ಹಾಕುವುದಿಲ್ಲ ಎಂದು ಕೇಳಿದ್ದೀರಿ. ನಳಿಕೆಯಿಂದ ಹಾಕುವ ವಾಲ್ವ್ ಲೋಹದ ಜಾಲರಿಯೊಳಗೆ ಪ್ರಾಣಿಯ ಪೊರೆಯನ್ನು ಹೊಲಿದದ್ದು. ಅದು ಸವೆಯುತ್ತದೆ. 34ರಲ್ಲಿ ಹಾಕಿದರೆ ಅವಳ ಮಕ್ಕಳ ಮದುವೆಯ ಹೊತ್ತಿಗೆ ಅದು ಹಳೆಯದಾಗಿರುತ್ತದೆ, ಎಳೆಯ ವಯಸ್ಸಿನಲ್ಲಿ ಸವೆತವೂ ಬೇಗ. ಇನ್ನೊಂದು ತೊಡಕು ಜಾಗದ್ದು. ಮೈಟ್ರಲ್ ವಾಲ್ವಿನ ಉಂಗುರ ಅಗಲ, ಮೆತ್ತಗೆ, ಕುದುರೆಯ ಜೀನಿನ ಹಾಗೆ ಬಾಗಿದ್ದು. ಜಾಲರಿ ಅಲ್ಲಿ ಕಚ್ಚಿ ನಿಲ್ಲುವುದಿಲ್ಲ. ನಿಂತರೂ ಪಕ್ಕದಲ್ಲಿ ರಕ್ತ ಹೊರಹೋಗುವ ದಾರಿಯನ್ನೇ ಅಡ್ಡಗಟ್ಟಬಹುದು. ಶಸ್ತ್ರಚಿಕಿತ್ಸೆ ಮಾಡಿ ಲೋಹದ ವಾಲ್ವ್ ಹಾಕಬಹುದು, ಅದು ಬಹುಕಾಲ ಬಾಳುತ್ತದೆ. ತಿರುವನಂತಪುರದ ಶ್ರೀ ಚಿತ್ರ ಸಂಸ್ಥೆ ರೂಪಿಸಿ 1990ರಿಂದ ಬಳಕೆಯಲ್ಲಿರುವ ನಮ್ಮದೇ ಚಿತ್ರ ವಾಲ್ವ್ ಕೂಡ ಆ ಜಾತಿಯದು. ಆದರೆ ಲೋಹದ ವಾಲ್ವ್ ಇದ್ದವರು ರಕ್ತ ತೆಳುಗೊಳಿಸುವ ಮಾತ್ರೆಯನ್ನು ಜೀವನಪೂರ್ತಿ ನುಂಗಬೇಕು, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆಯುವ ಐಎನ್‌ಆರ್ ಪರೀಕ್ಷೆ ಮಾಡಿಸುತ್ತಲೇ ಇರಬೇಕು. ಆ ಮಾತ್ರೆಯ ಮೇಲೆ ಬಸಿರು ಹೊರುವುದು ತಾಯಿಗೂ ಮಗುವಿಗೂ ಕಷ್ಟ. ಬಲೂನಿನಲ್ಲಿ ಅವಳದೇ ವಾಲ್ವ್ ಉಳಿಯುತ್ತದೆ.

ಮಗುವಿನ ವಿಷಯ ಬಂದದ್ದರಿಂದ ಖಡಾಖಂಡಿತವಾಗಿ ಹೇಳುತ್ತೇನೆ: ಮೊದಲು ಬಲೂನ್, ಆಮೇಲೆ ಬಸಿರು. ಗರ್ಭಿಣಿಯ ದೇಹದಲ್ಲಿ ರಕ್ತದ ಪ್ರಮಾಣ ಅರ್ಧದಷ್ಟು ಹೆಚ್ಚುತ್ತದೆ, ನಾಡಿಯೂ ಏರುತ್ತದೆ. ಈಗ ಮೆಟ್ಟಿಲಿನಲ್ಲಿ ಬರುವ ದಮ್ಮು ಆಗ ಮಲಗಿದಲ್ಲಿಯೇ ಬರುತ್ತದೆ. ಏಳನೆಯ ತಿಂಗಳಲ್ಲಿ ನೊರೆ ಕಾರುತ್ತ ರಾತ್ರಿ ಹೊತ್ತು ಬಂದ ಬಸುರಿಯರಿಗೆ ಹೊಟ್ಟೆಗೆ ಸೀಸದ ಹೊದಿಕೆ ಸುತ್ತಿ ಬಲೂನ್ ಮಾಡಿದ್ದೇವೆ, ತಾಯಿ ಮಗು ಇಬ್ಬರೂ ಉಳಿದಿದ್ದಾರೆ. ಆದರೆ ಅಂಥ ರಾತ್ರಿ ನಿಮ್ಮ ಮನೆಗೆ ಬೇಡ.

ಇನ್ನು ನಿಮ್ಮ ತಾಯಿ. ಅವರ ವಾಲ್ವಿನಲ್ಲಿ ಹೊಲಿಗೆ ಇಲ್ಲ. ಗದಗ ಸೀಮೆಯ ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ಒಳಗೆ ಕಟ್ಟುವ ಬಿಳಿ ಹೆಕ್ಕಳಿಕೆ ನೆನಪಿಸಿಕೊಳ್ಳಿ. ಅಯೋರ್ಟಿಕ್ ವಾಲ್ವಿನ ಮೂರು ಎಸಳುಗಳ ಒಡಲಿನಲ್ಲಿ ಹಾಗೆ ಸುಣ್ಣ ಕಟ್ಟಿ, ಅವು ಮಡಚಲಾರದೆ ಕಲ್ಲಾಗಿವೆ. ಹೋಲಿಕೆಯನ್ನು ಅಲ್ಲಿಗೇ ಬಿಡಿ. ಅದು ಬೋರ್‌ವೆಲ್ ನೀರಿನಿಂದ ಬಂದದ್ದಲ್ಲ, ಎಲೆಗೆ ಹಚ್ಚಿದ ಸುಣ್ಣದಿಂದಲೂ ಅಲ್ಲ. ಎಲೆ ಅಡಿಕೆ ಬಿಡಿಸಿದರೆ ವಾಲ್ವ್ ಸಡಿಲವಾಗುತ್ತದೆಯೇ ಎಂದು ಕೇಳುವವರು ಪ್ರತಿ ವರ್ಷವೂ ಸಿಗುತ್ತಾರೆ. ಆಗುವುದಿಲ್ಲ. ಇದನ್ನು ಕರಗಿಸುವ ಮಾತ್ರೆ, ಕಷಾಯ ಯಾವುದೂ ಇಲ್ಲ. ಕೊಲೆಸ್ಟರಾಲ್ ಮಾತ್ರೆಯಿಂದ ನಿಧಾನಿಸೀತೇ ಎಂದು ದೊಡ್ಡ ಪ್ರಯೋಗಗಳನ್ನೇ ಮಾಡಿ ನೋಡಿದರು, ಪ್ರಯೋಜನವಾಗಲಿಲ್ಲ.

ಕಲ್ಲಾದ ಎಸಳಿನ ನಡುವೆ ಬಲೂನ್ ಉಬ್ಬಿಸಿದರೆ ಸುಣ್ಣ ಅಲ್ಲಲ್ಲಿ ಬಿರುಕು ಬಿಡುತ್ತದೆ, ಬಾಯಿ ತುಸು ತೆರೆಯುತ್ತದೆ, ಕೆಲವೇ ತಿಂಗಳಲ್ಲಿ ಮತ್ತೆ ಮೊದಲಿನಂತಾಗುತ್ತದೆ. ಇದು ನನ್ನ ಊಹೆಯಲ್ಲ. ಫ್ರಾನ್ಸಿನ ರೂಆನ್ ನಗರದ ಅಲೆನ್ ಕ್ರಿಬಿಯೇ 1985ರಲ್ಲಿ ಮುದುಕರ ಅಯೋರ್ಟಿಕ್ ವಾಲ್ವಿಗೆ ಬಲೂನ್ ಹಾಕಿದ ಮೊದಲಿಗರು. ರೋಗಿಗಳು ಎದ್ದು ನಡೆದರು, ಜಗತ್ತು ಮೆಚ್ಚಿತು, ಆಮೇಲೆ ಒಬ್ಬೊಬ್ಬರಾಗಿ ಮರಳಿ ಬಂದರು. ತಮ್ಮದೇ ಚಿಕಿತ್ಸೆ ನಿಲ್ಲುತ್ತಿಲ್ಲ ಎಂಬುದನ್ನು ಒಪ್ಪಿಕೊಂಡ ಕ್ರಿಬಿಯೇ, ತೆರೆದ ಬಾಯಿ ಮತ್ತೆ ಮುಚ್ಚದಂತೆ ಜಾಲರಿಯೊಂದನ್ನು ಅಲ್ಲಿ ನಿಲ್ಲಿಸಿ ಅದರೊಳಗೇ ಹೊಸ ವಾಲ್ವನ್ನು ಹೊಲಿದರೆ ಹೇಗೆ ಎಂದು ಯೋಚಿಸಿದರು. ಆಗದ ಮಾತು ಎಂದವರೇ ಹೆಚ್ಚು. 2002ರ ಏಪ್ರಿಲ್ 16ರಂದು, ಶಸ್ತ್ರಚಿಕಿತ್ಸೆಗೆ ಯಾರೂ ಒಪ್ಪದೆ ಸಾವಿನ ಅಂಚಿನಲ್ಲಿದ್ದ 57 ವರ್ಷದ ರೋಗಿಯೊಬ್ಬರಿಗೆ ಅದನ್ನು ಕೂರಿಸಿದರು. ಆತ ನಾಲ್ಕು ತಿಂಗಳು ಬದುಕಿ ಬೇರೆ ಕಾರಣಕ್ಕೆ ತೀರಿಕೊಂಡರು. ವಾಲ್ವ್ ಕೆಲಸ ಮಾಡಿತ್ತು. ಟಾವಿ ಎಂದು ಈಗ ಎಲ್ಲರೂ ಕರೆಯುವ ಚಿಕಿತ್ಸೆ ಹೀಗೆ ಬಲೂನಿನ ಸೋಲಿನಿಂದ ಹುಟ್ಟಿದ್ದು. ಮಾಸ್ತರರೇ, ನಿಮ್ಮ ಪ್ರಶ್ನೆಯನ್ನೇ ಆ ಮನುಷ್ಯ ಹದಿನೇಳು ವರ್ಷ ತಲೆಯಲ್ಲಿ ಹೊತ್ತು ತಿರುಗಿದ್ದರು.

2010ರಲ್ಲಿ ಪಾರ್ಟ್ನರ್ ಎಂಬ ಪ್ರಯೋಗದ ಫಲಿತಾಂಶ ಬಂತು. ಶಸ್ತ್ರಚಿಕಿತ್ಸೆ ತಾಳಲಾರದ ವೃದ್ಧರಲ್ಲಿ ಅರ್ಧ ಮಂದಿಗೆ ಟಾವಿ, ಉಳಿದವರಿಗೆ ಔಷಧ ಮುಂತಾದ ರೂಢಿಯ ಚಿಕಿತ್ಸೆ. ಒಂದು ವರ್ಷದಲ್ಲಿ ಟಾವಿಯವರಲ್ಲಿ ಶೇ 30.7, ಉಳಿದವರಲ್ಲಿ ಶೇ 50.7 ಮಂದಿ ತೀರಿಕೊಂಡಿದ್ದರು. ಆ ‘ಉಳಿದವರಲ್ಲಿ’ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿಗೆ ಬಲೂನ್ ಹಾಕಲಾಗಿತ್ತು ಎಂಬುದನ್ನು ಗಮನಿಸಿ. ನನ್ನದೇ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಟಾವಿ ನಮ್ಮ ಕಡೆಗೆ ಬಂದ ಮೊದಲ ದಿನಗಳಲ್ಲಿ ಶಿಗ್ಗಾವಿ ಕಡೆಯ ರೈತರೊಬ್ಬರ ಮನೆಯವರು ಖರ್ಚಿಗೆ ಹೆದರಿ ಬಲೂನ್ ಕೇಳಿದರು. ನಾನು ಒತ್ತಿ ಬೇಡವೆನ್ನಲಿಲ್ಲ. ಮಾಡಿದ ವಾರಕ್ಕೆ ಆತ ಹೊಲಕ್ಕೆ ಹೋದರು, ಮನೆಯವರು ನನಗೆ ಶೇಂಗಾ ಚೀಲ ತಂದುಕೊಟ್ಟರು. ಐದನೆಯ ತಿಂಗಳಿಗೆ ಮತ್ತೆ ಕಾಲು ಬಾತು ಬಂದರು. ಆ ಹೊತ್ತಿಗೆ ಹೃದಯ ದಣಿದುಹೋಗಿತ್ತು. ಈಗ ನಾನು ಅಯೋರ್ಟಿಕ್ ಬಲೂನನ್ನು ಒಪ್ಪುವುದು ತೀರಾ ಕೈಮೀರಿದವರನ್ನು ಟಾವಿಗೆ ಮುಟ್ಟಿಸುವವರೆಗೆ ಉಸಿರು ಹಿಡಿದಿಡಲು ಮಾತ್ರ.

ಎದೆ ತೆರೆದು ಮಾಡುವ ಶಸ್ತ್ರಚಿಕಿತ್ಸೆಯೋ ಟಾವಿಯೋ ಎಂಬುದು ನಿಜವಾದ ಆಯ್ಕೆ. ಎದೆ ತೆರೆಯುವುದನ್ನು ಹಳೆಯ ಕಾಲದ್ದು ಎಂದು ಹೀಗಳೆಯುವವರ ಮಾತು ಕೇಳಬೇಡಿ. ಅರವತ್ತರ ಗಟ್ಟಿಮುಟ್ಟಾದ ರೋಗಿಗೆ ಇಂದಿಗೂ ನಾನು ಅದನ್ನೇ ಹೇಳುತ್ತೇನೆ. 2019ರಲ್ಲಿ ಬಂದ ಎರಡು ಪ್ರಯೋಗಗಳು ಅಪಾಯ ಕಡಿಮೆಯಿರುವವರಲ್ಲಿಯೂ ಟಾವಿ ಹಿಂದೆ ಬೀಳುವುದಿಲ್ಲ ಎಂದು ತೋರಿಸಿದವು, ಹತ್ತು ವರ್ಷದ ಲೆಕ್ಕಗಳೂ ಈಗ ಬಂದಿವೆ, ಭರವಸೆ ಕೊಡುವಂತಿವೆ. ಆದರೆ ಹತ್ತು ವರ್ಷದ ಆ ಲೆಕ್ಕ ಬಂದಿರುವುದು ಚಿಕಿತ್ಸೆಯ ಹೊತ್ತಿಗೇ ಎಂಬತ್ತರ ಆಸುಪಾಸಿನಲ್ಲಿದ್ದವರಿಂದ. ಅದನ್ನು ಐವತ್ತೈದರವರಿಗೆ ಹಾಗೆಯೇ ಅಂಟಿಸುವುದು ಆತುರ. ಅಮೆರಿಕದ ಮಾರ್ಗಸೂಚಿ 65ರ ಕೆಳಗೆ ಶಸ್ತ್ರಚಿಕಿತ್ಸೆ, 80ರ ಮೇಲೆ ಟಾವಿ, ನಡುವಿನವರಿಗೆ ಕೂತು ಮಾತನಾಡಿ ಎನ್ನುತ್ತದೆ. ಯುರೋಪಿನವರು ಟಾವಿಗೆ 75 ಎಂದಿದ್ದ ಗಡಿಯನ್ನು 2025ರಲ್ಲಿ 70ಕ್ಕೆ ಇಳಿಸಿದ್ದಾರೆ. ನಿಮ್ಮ ತಾಯಿಗೆ 76, ಸಕ್ಕರೆ ಕಾಯಿಲೆ, ಬಸವಳಿದ ಮೂತ್ರಪಿಂಡ, ಕೋಲಿನ ನಡಿಗೆ. ಹುಬ್ಬಳ್ಳಿಯ ವೈದ್ಯರು ಹೇಳಿದ್ದು ನನಗೆ ಸರಿ ಎನಿಸುತ್ತದೆ.

ಅದಕ್ಕೆ ಮುನ್ನ ಸಿಟಿ ಸ್ಕ್ಯಾನ್ ಆಗಬೇಕು. ವಾಲ್ವಿನ ಉಂಗುರದ ಅಳತೆ, ಸುಣ್ಣದ ಹಂಚಿಕೆ, ತೊಡೆಯಿಂದ ಮೇಲಕ್ಕೆ ರಕ್ತನಾಳದ ಅಗಲ, ಎಲ್ಲವೂ ಅದರಲ್ಲಿಯೇ ತಿಳಿಯುತ್ತವೆ. ದರ್ಜಿ ಅಳತೆ ತಪ್ಪಿದರೆ ಅಂಗಿ ಬಿಚ್ಚಿ ಹೊಲಿಯಬಹುದು, ಇಲ್ಲಿ ಆಗುವುದಿಲ್ಲ. ಸ್ಕ್ಯಾನಿಗೆ ಚುಚ್ಚುವ ಬಣ್ಣದ ದ್ರವ ಮೂತ್ರಪಿಂಡಕ್ಕೆ ಭಾರ. ಆದ್ದರಿಂದ ಕ್ರಿಯಾಟಿನಿನ್ 1.6 ಎಂಬುದನ್ನು ಸ್ಕ್ಯಾನ್ ಮಾಡುವವರಿಗೆ ನೀವೇ ನೆನಪಿಸಿ. ಎಲ್ಲ ಸರಿಯಿದ್ದರೆ ಪೂರ್ತಿ ಅರಿವಳಿಕೆಯೂ ಇಲ್ಲದೆ ಕೆಲಸ ಮುಗಿದು, ಮರುದಿನ ಎದ್ದು ಕೂರುತ್ತಾರೆ, ಮೂರು ನಾಲ್ಕು ದಿನಕ್ಕೆ ಮನೆ.

ಆಸ್ಪತ್ರೆಯಲ್ಲಿ ಒಪ್ಪಿಗೆ ಪತ್ರದ ಸಣ್ಣ ಅಕ್ಷರದಲ್ಲಿ ಬರುವುದನ್ನು ಇಲ್ಲಿ ದೊಡ್ಡದಾಗಿ ಹೇಳುತ್ತೇನೆ. ಹೃದಯದ ಬಡಿತವನ್ನು ಒಯ್ಯುವ ನರದಂಥ ಎಳೆ ಈ ವಾಲ್ವಿನ ಬುಡದಲ್ಲಿಯೇ ಹಾಯುತ್ತದೆ. ಜಾಲರಿ ಒತ್ತಿ ಅದು ಕೆಲಸ ನಿಲ್ಲಿಸಿದರೆ ಪೇಸ್‌ಮೇಕರ್ ಹಾಕಬೇಕಾಗುತ್ತದೆ. ಸರಿಸುಮಾರು ಹತ್ತರಲ್ಲಿ ಒಬ್ಬರಿಗೆ, ತಾನೇ ಅರಳುವ ಬಗೆಯ ವಾಲ್ವುಗಳಲ್ಲಿ ಇನ್ನೂ ತುಸು ಹೆಚ್ಚು. ಅದರ ಖರ್ಚು ಬೇರೆ. ಸುಣ್ಣದ ಚೂರು ಮಿದುಳಿಗೆ ಹೋಗಿ ಪಾರ್ಶ್ವವಾಯು ಆಗುವುದು ನೂರರಲ್ಲಿ ಎರಡು ಮೂರು ಮಂದಿಗೆ. ಇನ್ನೊಂದು ಮಾತು. ಈ ವಾಲ್ವಿನ ಎಸಳುಗಳು ದನದ ಅಥವಾ ಹಂದಿಯ ಹೃದಯದ ಹೊರಪೊರೆಯವು. ನಿಮ್ಮ ಮನೆಯಲ್ಲಿ ಅದು ಪ್ರಶ್ನೆಯಾಗುತ್ತದೆಯೋ ಇಲ್ಲವೋ ನನಗೆ ತಿಳಿಯದು. ತಾಯಿಗೆ ಮುಂಚಿತವಾಗಿ ಹೇಳಿ. ಆಮೇಲೆ ಯಾರಿಂದಲೋ ತಿಳಿದು, ಪೂಜೆಗೆ ಕೂರಲು ಮನಸ್ಸಾಗದೆ ತಿಂಗಳುಗಟ್ಟಲೆ ನೊಂದ ಅಜ್ಜಿಯೊಬ್ಬರನ್ನು ನೋಡಿದ್ದೇನೆ. ಮೊದಲೇ ಹೇಳಿದವರಲ್ಲಿ ಬಹಳಷ್ಟು ಮಂದಿ ‘ಜೀವ ಉಳಿಸುವುದಾದರೆ ಹಾಕಿರಿ’ ಎಂದೇ ಅಂದಿದ್ದಾರೆ.

ಖರ್ಚು ದೊಡ್ಡದು. ಹತ್ತು ಲಕ್ಷ ದಾಟುವುದು ಸಾಮಾನ್ಯ, ಅದರಲ್ಲಿ ಹೆಚ್ಚಿನ ಪಾಲು ವಾಲ್ವಿನದೇ. ಗುಜರಾತಿನ ವಾಪಿಯಲ್ಲಿ ತಯಾರಾಗುವ ಮೈವಾಲ್ ಬಂದ ಮೇಲೆ ವಿದೇಶಿ ವಾಲ್ವುಗಳಿಗೆ ಪೈಪೋಟಿ ಹುಟ್ಟಿದೆ. ನಮ್ಮದು ಎಂಬ ಅಭಿಮಾನಕ್ಕೆ ಹೇಳುತ್ತಿಲ್ಲ. 2024ರಲ್ಲಿ ಪ್ರಕಟವಾದ ಲ್ಯಾಂಡ್‌ಮಾರ್ಕ್ ಪ್ರಯೋಗದಲ್ಲಿ 768 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಹಂಚಿ ಹೋಲಿಸಿದಾಗ, ಮೊದಲ ಮೂವತ್ತು ದಿನದ ಫಲಿತಾಂಶದಲ್ಲಿ ಅದು ಅಮೆರಿಕದ ಹೆಸರಾಂತ ವಾಲ್ವುಗಳಿಗಿಂತ ಕಡಿಮೆಯಲ್ಲ ಎಂದು ಗೊತ್ತಾಗಿದೆ. ದೀರ್ಘ ಬಾಳಿಕೆಯ ಮಾತು ವರ್ಷಗಳು ಕಳೆದ ಮೇಲೆ. ಹೊಲ ಮಾರುವ ನಿರ್ಧಾರಕ್ಕೆ ಮುನ್ನ ಸರ್ಕಾರಿ ಯೋಜನೆಯ ನೆರವಿಗೆಂದು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಕಂಡು, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ನಿಮ್ಮ ಕಾರ್ಡಿಗೆ ಯಾವ ಚಿಕಿತ್ಸೆಗೆ ಎಷ್ಟು ಎಂದು ಬರಹದಲ್ಲಿ ಕೇಳಿ. ಶಿಕ್ಷಕರಾದ ನಿಮಗೆ ಸರ್ಕಾರಿ ನೌಕರರ ವೈದ್ಯಕೀಯ ಸೌಲಭ್ಯವಿದ್ದರೆ ಅದರಲ್ಲಿ ತಾಯಿಯ ಹೆಸರು ಇದೆಯೇ ನೋಡಿ. ಟಾವಿ ಏನು ಮಾಡಿದರೂ ಕೈಗೆಟುಕದು ಎಂದಾದರೆ ಶಸ್ತ್ರಚಿಕಿತ್ಸೆಯ ಸಾಧ್ಯಾಸಾಧ್ಯತೆಯನ್ನು ಶಸ್ತ್ರಚಿಕಿತ್ಸಕರ ಬಾಯಿಂದಲೇ ಕೇಳಿ. ಟಾವಿ ಒಳ್ಳೆಯದು ಎಂದರೆ ಶಸ್ತ್ರಚಿಕಿತ್ಸೆಯಲ್ಲಿ ಅಪಾಯ ಹೆಚ್ಚು ಎಂದಷ್ಟೇ ಅರ್ಥ, ಅಸಾಧ್ಯ ಎಂದಲ್ಲ.

ಕ್ಲಿಪ್ ವಿಷಯ ಎರಡೇ ಮಾತು. ಅದು ಸೋರುವ ವಾಲ್ವಿಗೆ, ಎರಡು ಎಸಳನ್ನು ನಡುವೆ ಹಿಡಿದು ಕಟ್ಟುವ ಚಿಮುಟ. ನಿಮ್ಮ ತಂಗಿಯ ವಾಲ್ವ್ ಬಿಗಿಯಾಗಿರುವುದು, ಅಲ್ಲಿ ಕ್ಲಿಪ್ ಹಾಕುವುದೆಂದರೆ ಹೊಲಿದ ಚೀಲಕ್ಕೆ ಇನ್ನೊಂದು ಹೊಲಿಗೆ. ಸೋರುವವರಲ್ಲಿಯೂ ಎಲ್ಲರಿಗೂ ಅಲ್ಲ: 2018ರಲ್ಲಿ ಒಂದೇ ವರ್ಷ ಬಂದ ಎರಡು ಪ್ರಯೋಗಗಳಲ್ಲಿ ಒಂದು ಜೀವ ಉಳಿಸುತ್ತದೆ ಎಂದಿತು, ಇನ್ನೊಂದು ವ್ಯತ್ಯಾಸವಿಲ್ಲ ಎಂದಿತು. ಯಾರನ್ನು ಆರಿಸಿದರು ಎಂಬುದರಲ್ಲಿಯೇ ಗುಟ್ಟಿತ್ತು.

ಎಲ್ಲಿ ಮಾಡಿಸಬೇಕು? ಹುಬ್ಬಳ್ಳಿ-ಧಾರವಾಡದಲ್ಲಿ ನಳಿಕೆಯ ಚಿಕಿತ್ಸೆ ನಡೆಯುವ ಕ್ಯಾಥ್‌ಲ್ಯಾಬುಗಳಿಗೆ ಕೊರತೆಯಿಲ್ಲ. ಕಟ್ಟಡ ನೋಡಬೇಡಿ, ಈ ವೈದ್ಯರ ತಂಡ ಈ ಕೆಲಸವನ್ನು ಕಳೆದ ವರ್ಷ ಎಷ್ಟು ಸಲ ಮಾಡಿದೆ ಎಂದು ಕೇಳಿ. ಮುಖ ಸಿಂಡರಿಸುವವರಿದ್ದರೆ ಮುಂದಿನ ಆಸ್ಪತ್ರೆಗೆ ಹೋಗಿ. ಬೆಂಗಳೂರಿಗೆ ಹೋಗುವುದಾದರೂ ತಾಯಿಯನ್ನು ರಾತ್ರಿ ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಬೇಡಿ, ರೈಲಿನಲ್ಲಿ ಮಲಗಿಸಿಕೊಂಡು ಹೋಗಿ. ಆದರೆ ತಡ ಮಾಡಬೇಡಿ. ಈ ವಾಲ್ವಿನಲ್ಲಿ ಕಣ್ಣು ಕತ್ತಲೆಗಟ್ಟಿ ಬೀಳುವುದು ಎಂದರೆ ಚಿಕಿತ್ಸೆಯ ಸರದಿ ಬಂದಿದೆ ಎಂದು. ಮುಂದಿನ ಜಾತ್ರೆ, ಮುಂದಿನ ಸುಗ್ಗಿ ಎನ್ನುವಂತಿಲ್ಲ. ಅಲ್ಲಿಯವರೆಗೆ ಎದೆ ಹಿಡಿದಂತಾದರೆ ನೆರೆಮನೆಯವರು ಕೊಡುವ, ನಾಲಿಗೆಯ ಕೆಳಗೆ ಇಡುವ ಮಾತ್ರೆಯನ್ನು ಇಡಬೇಡಿ. ಬೇರೆಯವರಿಗೆ ಅದು ಒಳ್ಳೆಯದೇ. ಇವರಿಗೆ ರಕ್ತದೊತ್ತಡ ಧೊಪ್ಪನೆ ಇಳಿಸಿ ಮತ್ತೆ ಬೀಳಿಸೀತು. ವಾಲ್ವ್ ಹಾಕಿಸಿದ ಮೇಲೆ ಹಲ್ಲು ಕೀಳಿಸುವ ಮುನ್ನ ಆಂಟಿಬಯೋಟಿಕ್ ಬೇಕು, ದಂತವೈದ್ಯರಿಗೆ ತಿಳಿಸಿ.

ತಂಗಿಯ ಬಗ್ಗೆ ನೀವು ಬರೆಯದೆ ಬಿಟ್ಟ ಒಂದು ವಿಷಯವಿದೆ, ಪೆನಿಸಿಲಿನ್. ಬಲೂನ್ ಹೊಲಿಗೆ ಬಿಚ್ಚುತ್ತದೆ, ಹೊಲಿಯುವವನನ್ನು ನಿಲ್ಲಿಸುವುದಿಲ್ಲ. ಜ್ವರ ಮರುಕಳಿಸಿದರೆ ಅಂಚುಗಳು ಮತ್ತೆ ಅಂಟುತ್ತವೆ. ಅದಕ್ಕಾಗಿ ಮೂರು ವಾರಕ್ಕೊಮ್ಮೆ 12 ಲಕ್ಷ ಯುನಿಟ್ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು, ವಯಸ್ಸು ಕನಿಷ್ಠ ನಲವತ್ತಾಗುವವರೆಗೆ, ಹಲವರಿಗೆ ಅದಕ್ಕೂ ಮುಂದೆ. ನೋಯುತ್ತದೆ, ಅದಕ್ಕೇ ಬಹಳ ಜನ ಬಿಡುತ್ತಾರೆ. ಈಗ ಒಂದು ಎಚ್ಚರಿಕೆ ಇದೆ: ವಾಲ್ವ್ ಇಷ್ಟು ಬಿಗಿಯಾಗಿರುವಾಗ ಚುಚ್ಚಿದ ನೋವಿಗೇ ಕುಸಿದುಬೀಳುವವರಿದ್ದಾರೆ. ಅಂಥವರಿಗೆ ಮಾತ್ರೆಯ ರೂಪದಲ್ಲಿ ಕೊಡುವುದನ್ನು ಯೋಚಿಸಿ ಎಂದು ಅಮೆರಿಕದ ಹೃದ್ರೋಗ ಸಂಘ 2022ರಲ್ಲಿ ಹೇಳಿದೆ. ಆದ್ದರಿಂದ ಊರಿನ ದವಾಖಾನೆಯಲ್ಲಿ ತಾವೇ ಶುರು ಮಾಡಿಸಬೇಡಿ. ಬಲೂನಿನವರೆಗೆ ಮಾತ್ರೆಯೋ, ಆಮೇಲೆ ಚುಚ್ಚುಮದ್ದೋ ಎಂಬುದನ್ನು ಅವಳ ಹೃದ್ರೋಗ ತಜ್ಞರು ತೀರ್ಮಾನಿಸಲಿ. ಮುಂದೆ ಅವಳ ನಾಡಿ ತಾಳ ತಪ್ಪಿ ರಕ್ತ ತೆಳುಗೊಳಿಸುವ ಮಾತ್ರೆ ಬೇಕಾದರೆ ಐಎನ್‌ಆರ್ ಪರೀಕ್ಷೆಯ ಗೋಜಿಲ್ಲದ ಹೊಸ ಮಾತ್ರೆಗೆ ಆಸೆಪಡಬೇಡಿ. 4,500ಕ್ಕೂ ಹೆಚ್ಚು ಇಂಥ ರೋಗಿಗಳಲ್ಲಿ ನಡೆದ ಪ್ರಯೋಗ 2022ರಲ್ಲಿ ಹಳೆಯ ಮಾತ್ರೆಯೇ ಮೇಲು ಎಂದು ತೋರಿಸಿದೆ.

ಅವಳಿಗೆ ಬಾಲ್ಯದಲ್ಲಿ ಕೀಲು ಊದಿತ್ತೇ, ಯಾವಾಗಲಾದರೂ ಆ ಚುಚ್ಚುಮದ್ದು ಶುರುವಾಗಿ ನಿಂತಿತ್ತೇ ಎಂದು ತಾಯಿಯನ್ನು ಕೇಳಿ, ಬರೆದಿಟ್ಟುಕೊಂಡು ಮುಂದಿನ ಭೇಟಿಗೆ ಒಯ್ಯಿರಿ. ಅವಳ ಮಗುವಿಗೆ ಗಂಟಲು ನೋವು ಜ್ವರ ಬಂದಾಗ ಅಂಗಡಿಯ ಮಾತ್ರೆ ತಂದುಕೊಡದೆ ವೈದ್ಯರಿಗೆ ತೋರಿಸಲು ಹೇಳಿ.